ಅಚ್ಚು ಕೊರೆಯುವ ಮುನ್ನ: ವಾಟರ್‌ಫಾಲ್ ಜೊತೆ ನನ್ನ ಅನುಭವ

ಬೆಳಿಗ್ಗೆ ಆರೂವರೆ. ಚನ್ನರಾಯಪಟ್ಟಣ ತಾಲೂಕಿನ ಒಂದು ಹಳ್ಳಿಯ ಡೇರಿ. ನವೆಂಬರ್ ಚಳಿ. ಸ್ಟೀಲ್ ಕ್ಯಾನು, ಪ್ಲಾಸ್ಟಿಕ್ ಡಬ್ಬ, ತೂಗುಚೊಂಬು ಹಿಡಿದು ಸುಮಾರು ನೂರಿಪ್ಪತ್ತು ಜನ ಸಾಲಿನಲ್ಲಿ ನಿಂತಿದ್ದರು. ಹಾಲಿನ ಲೆಕ್ಕ ಇಡಲು ವಾಟರ್‌ಫಾಲ್ ಅನ್ನುವ ಪದ್ಧತಿಯಲ್ಲಿ ನಾವು ಹನ್ನೊಂದು ತಿಂಗಳು ಕೂತು ಮಾಡಿದ ಸಾಫ್ಟ್‌ವೇರ್ ಅವತ್ತು ಮೊದಲ ಸಲ ನಿಜವಾದ ಹಾಲು ಕಂಡಿತು.

ಮೊದಲನೆಯವರು ಬಂದರು. ಅವರ ನಂಬರ್ ಒತ್ತಿದೆವು. ಹಾಲು ತಕ್ಕಡಿ ಮೇಲಿನ ಬಕೆಟ್‌ಗೆ ಬಿತ್ತು, ತೂಕ ಕಂಪ್ಯೂಟರಿಗೆ ಬಂತು. ಸ್ಯಾಂಪಲ್ ಹಾಲು ಪರೀಕ್ಷೆ ಮಾಡುವ ಯಂತ್ರಕ್ಕೆ, ಅಂದರೆ ಅನಲೈಸರ್‌ಗೆ ಹೋಯಿತು. ಅದು ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಹೇಳಲು ನಲವತ್ತು ಸೆಕೆಂಡ್ ತೆಗೆದುಕೊಂಡಿತು. ಆಮೇಲೆ ದರ ಲೆಕ್ಕ, ಆಮೇಲೆ ಚೀಟಿ. ಎಲ್ಲಾ ಸರಿಯಾಗಿಯೇ ಆಯಿತು. ನಾನು ಖುಷಿಯಲ್ಲಿ ನಮ್ಮ ಹುಡುಗನ ಮುಖ ನೋಡಿದೆ. ಅವನು ಗಡಿಯಾರ ನೋಡುತ್ತಿದ್ದ.

ಒಬ್ಬರಿಗೆ ಒಂದು ನಿಮಿಷದ ಮೇಲೆ ಹಿಡಿಯುತ್ತಿತ್ತು. ನೂರಿಪ್ಪತ್ತು ಜನಕ್ಕೆ ಎರಡು ಗಂಟೆಗೂ ಜಾಸ್ತಿ. ಹಾಲಿನ ಗಾಡಿ ಬರುವುದು ಎಂಟಕ್ಕೆ.

ಏಳು ಗಂಟೆ ಹೊತ್ತಿಗೆ ಸಾಲಿನಿಂದ ಒಬ್ಬ ಅಜ್ಜಿ ಕೇಳಿತು: "ಏನವ್ವಾ, ನಿನ್ ಮಿಷಿನ್ನು ನಿದ್ದೆಗಿದ್ದೆ ಮಾಡ್ತಾ ಅದಾ?" ಎಲ್ಲರೂ ನಕ್ಕರು. ಸೆಕ್ರೆಟರಿ ಮಾತ್ರ ನಗಲಿಲ್ಲ. ಕಂಪ್ಯೂಟರ್ ಪರದೆಯನ್ನು ಪಕ್ಕಕ್ಕೆ ತಿರುಗಿಸಿ, ಹಳೇ ರಿಜಿಸ್ಟರ್ ತೆಗೆದು ಬರೆಯಲು ಶುರು ಮಾಡಿದರು. ನಲವತ್ತು ನಿಮಿಷದಲ್ಲಿ ಸಾಲು ಖಾಲಿ.

ಅವರು ಹೇಗೆ ಮುಗಿಸಿದರು ಅಂತ ನಾನು ಅವತ್ತೇ ಮೊದಲ ಸಲ ಗಮನ ಇಟ್ಟು ನೋಡಿದ್ದು. ಸೆಕ್ರೆಟರಿ ತೂಕ ಬರೆಯುತ್ತಾ ಹೋಗುತ್ತಿದ್ದರು. ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಅವರ ಪಾಡಿಗೆ ಸ್ಯಾಂಪಲ್ ಬಾಟಲಿಗೆ ನಂಬರ್ ಹಾಕಿ ಸಾಲಾಗಿ ಇಡುತ್ತಿದ್ದರು. ಇಬ್ಬರ ಕೆಲಸ ಅಕ್ಕಪಕ್ಕ ನಡೆಯುತ್ತಿತ್ತು, ಒಬ್ಬರಿಗೊಬ್ಬರು ಕಾಯುತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ಒಬ್ಬರ ಫ್ಯಾಟ್ ಬರುವವರೆಗೆ ಮುಂದಿನವರ ನಂಬರ್ ಒತ್ತುವ ಹಾಗೇ ಇರಲಿಲ್ಲ. ಅದು ಕೋಡ್ ಬರೆದ ಹುಡುಗನ ತಪ್ಪಲ್ಲ. ಸಾಫ್ಟ್‌ವೇರ್ ಏನೇನು ಮಾಡಬೇಕು ಅಂತ ಬರೆದಿಟ್ಟ ರಿಕ್ವೈರ್ಮೆಂಟ್ ಪುಸ್ತಕದ 38ನೇ ಪುಟದಲ್ಲಿ ಹಾಗೇ ಬರೆದಿತ್ತು: ಒಂದು ವಹಿವಾಟು ಪೂರ್ತಿ ಮುಗಿಯದೆ ಇನ್ನೊಂದು ಶುರುವಾಗಬಾರದು. ಕೆಳಗೆ ನಾಲ್ಕು ಸಹಿ. ಅದರಲ್ಲಿ ಒಂದು ನನ್ನದು.

ಇದು 2012ರ ಮಾತು. ನಾನು ಆಗ ಪೀಣ್ಯದ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದೆ. ಕೆಲಸವನ್ನು ವಾಟರ್‌ಫಾಲ್ ಪದ್ಧತಿಯಲ್ಲೇ ಮಾಡಿದ್ದೆವು. ಮೊದಲು ಏನು ಬೇಕು ಅಂತ ಬರೆಯುವುದು, ಆಮೇಲೆ ಡಿಸೈನ್, ಆಮೇಲೆ ಕೋಡಿಂಗ್, ಆಮೇಲೆ ಟೆಸ್ಟಿಂಗ್, ಕೊನೆಗೆ ಹಳ್ಳಿಗೆ ಹೋಗಿ ಕೂರಿಸುವುದು. ಒಂದು ಹಂತ ಮುಗಿದು ಸಹಿ ಬಿದ್ದ ಮೇಲೆ ಮುಂದಿನದು. ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದ ಹಾಗೆ. ಎರಡು ತಿಂಗಳು, ಎರಡು, ನಾಲ್ಕು, ಎರಡು, ಒಂದು. ಯಾವ ಹಂತ ಯಾವಾಗ ಅಂತ ಪಟ್ಟಿಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟ್ ಗೋಡೆ ಮೇಲೆ ಅಂಟಿಸಿದ್ದೆ. ನೋಡಲು ಬಲು ಚೆಂದ ಇತ್ತು. ಒಂದು ವಾರವೂ ತಡವಾಗಿರಲಿಲ್ಲ.

ಹಳ್ಳಿಯಿಂದ ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಆಫೀಸಿನಲ್ಲಿ ಎಲ್ಲರೂ ಸೇರಿ ವಾಟರ್‌ಫಾಲ್‌ಗೆ ಬೈದೆವು. ಹಳೇ ಕಾಲದ್ದು, ಈಗ ಯಾರು ಮಾಡ್ತಾರೆ ಅಂತ. ನಾನೂ ಬೈದೆ.

ಆದರೆ ನಿಜವಾಗಿ ಏನಾಗಿತ್ತು? ಒಪ್ಪಂದದಲ್ಲಿ ಒಂದು ಸಾಲು ಇತ್ತು. ರಿಕ್ವೈರ್ಮೆಂಟ್ ಪುಸ್ತಕಕ್ಕೆ ಸಹಿ ಬಿದ್ದ ಕೂಡಲೇ ನಮಗೆ ನೂರಕ್ಕೆ ಇಪ್ಪತ್ತು ಭಾಗ ಹಣ. ನಮಗೆ ಸಹಿ ಬೇಕಿತ್ತು. ಕೆಲಸ ಕೊಟ್ಟವರಿಗೆ ಮೀಟಿಂಗ್ ಮುಗಿದರೆ ಸಾಕಿತ್ತು. 140 ಪುಟದ ಇಂಗ್ಲಿಷ್ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಿದವರು ಅದನ್ನು ಟೈಪ್ ಮಾಡಿದ ಹುಡುಗಿ ಒಬ್ಬಳೇ. ಡೇರಿಯಲ್ಲಿ ದಿನಾ ಎರಡು ಹೊತ್ತು ಹಾಲು ಹಾಕಿಸಿಕೊಳ್ಳುವ ಒಬ್ಬ ಮನುಷ್ಯನೂ ಆ ಮೀಟಿಂಗ್‌ನಲ್ಲಿ ಇರಲಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ. ಹೊಳೆದಿದ್ದು ನಮ್ಮ ಮನೆ ಕಟ್ಟುವಾಗ.

ಅದೇ ವರ್ಷ ತುಮಕೂರಿನಲ್ಲಿ ಅಪ್ಪ ಅಮ್ಮನಿಗೆ ಮನೆ ಕಟ್ಟಿಸಲು ಶುರು ಮಾಡಿದೆವು. ಮೇಸ್ತ್ರಿ ಅರವತ್ತರ ಹತ್ತಿರದ ಮನುಷ್ಯ. ಪಾಯ ತೆಗೆಯುವ ಹಿಂದಿನ ದಿನ ಸೈಟಿನಲ್ಲಿ ಸುಣ್ಣದ ಪುಡಿಯಲ್ಲಿ ಮನೆಯ ಗೆರೆ ಹಾಕಿದರು. ನಮ್ಮಮ್ಮನನ್ನು ಕರೆದು, "ಅಮ್ಮಾ, ಇದು ಅಡುಗೆಮನೆ. ಒಳಗೆ ಬನ್ನಿ. ಇಲ್ಲಿ ಒಲೆ, ಅಲ್ಲಿ ಸಿಂಕು. ಒಂದ್ಸಲ ಅಡುಗೆ ಮಾಡಿ" ಅಂದರು. ಅಮ್ಮ ನಾಚಿಕೊಂಡೇ ಗೆರೆ ದಾಟಿ ಒಳಗೆ ಹೋದರು. ಒಲೆ ಮುಂದೆ ನಿಂತರು, ತಿರುಗಿದರು, ಇಲ್ಲದ ಪಾತ್ರೆ ಎತ್ತಿ ಇಲ್ಲದ ಸಿಂಕಿಗೆ ಇಟ್ಟರು. "ಫ್ರಿಜ್ಜು ಎಲ್ಲಿ ಇಡೋದು? ಬಾಗಿಲು ತೆಗೆದ್ರೆ ನನ್ನ ಬೆನ್ನಿಗೆ ತಗುಲುತ್ತಲ್ಲ" ಅಂದರು. ಮೇಸ್ತ್ರಿ ಕಾಲಿನಲ್ಲಿ ಗೆರೆ ಅಳಿಸಿ, ಎರಡು ಅಡಿ ಆಚೆ ಹೊಸ ಗೆರೆ ಎಳೆದರು. ಖರ್ಚು ಒಂದು ಹಿಡಿ ಸುಣ್ಣದ ಪುಡಿ.

ಅದೇ ಮೇಸ್ತ್ರಿ ಆರ್‌ಸಿಸಿ ಹಾಕುವ ಹಿಂದಿನ ಸಂಜೆ ಬೇರೆ ಮನುಷ್ಯನೇ ಆಗಿಬಿಟ್ಟರು. ಕಂಬಿ ಕಟ್ಟಿ ಆಗಿತ್ತು, ವೈರಿಂಗ್ ಪೈಪು, ಫ್ಯಾನ್ ಬಾಕ್ಸ್ ಎಲ್ಲಾ ಕೂರಿಸಿತ್ತು. ನಮ್ಮನ್ನೆಲ್ಲ ಮೇಲಕ್ಕೆ ಹತ್ತಿಸಿ ಒಂದೊಂದೇ ರೂಮು ತೋರಿಸಿ, "ಇಲ್ಲಿ ಫ್ಯಾನು. ಇಲ್ಲಿ ಲೈಟು. ಸರೀನಾ? ಸರೀನಾ?" ಅಂತ ಬಾಯಿಂದ ಹೇಳಿಸಿದರು. "ಇವತ್ತು ಹತ್ತು ಸಲ ಬದಲಾಯಿಸಿ, ಬೇಜಾರಿಲ್ಲ. ನಾಳೆ ಕಾಂಕ್ರೀಟ್ ಬಿದ್ದ ಮೇಲೆ ನನ್ನ ಕೇಳ್ಬೇಡಿ."

ಈ ಮನುಷ್ಯ ಮಾಡುತ್ತಿದ್ದದ್ದು ಅಪ್ಪಟ ವಾಟರ್‌ಫಾಲ್ ಅಲ್ವಾ? ಪಾಯ ಆಗದೆ ಗೋಡೆ ಇಲ್ಲ, ಗೋಡೆ ಆಗದೆ ತಾರಸಿ ಇಲ್ಲ. ಎಷ್ಟೇ ಆತುರ ಇದ್ದರೂ ಸೆಂಟ್ರಿಂಗ್ ಮೂರನೇ ದಿನ ಬಿಚ್ಚುವ ಹಾಗಿಲ್ಲ. ಆದರೂ ನಮ್ಮಲ್ಲಿ ಕೆಟ್ಟದ್ದು ಅವರಲ್ಲಿ ಕೆಡಲಿಲ್ಲ. ಯಾವಾಗ ಸಡಿಲ, ಯಾವಾಗ ಬಿಗಿ ಅನ್ನುವುದು ಅವರಿಗೆ ಗೊತ್ತಿತ್ತು. ನಮ್ಮ ಚಾರ್ಟಿನಲ್ಲಿ ಎಲ್ಲಾ ಹಂತಗಳೂ ಒಂದೇ ಬಣ್ಣದ ಪಟ್ಟಿಗಳು.

ಆಮೇಲೆ ಒಂದು ಕೆಲಸ ಮಾಡಿದೆ. ಇಷ್ಟು ವರ್ಷ ಬೈಯುತ್ತಿದ್ದ, ಒಮ್ಮೆಯೂ ಓದಿರದ, ವಾಟರ್‌ಫಾಲ್ ಪದ್ಧತಿಯ ಮೂಲ ಲೇಖನವನ್ನು ಹುಡುಕಿ ಓದಿದೆ. ವಿನ್‌ಸ್ಟನ್ ರಾಯ್ಸ್ ಅನ್ನುವವರು 1970ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಒಂದು ಸಮ್ಮೇಳನದಲ್ಲಿ ಮಂಡಿಸಿದ್ದು. ಅವರು ಆಗ ಒಂಬತ್ತು ವರ್ಷ ಬಾಹ್ಯಾಕಾಶ ನೌಕೆಗಳ ಸಾಫ್ಟ್‌ವೇರ್ ಕೆಲಸ ಮಾಡಿದ್ದವರು. ಬರೀ ಹನ್ನೊಂದು ಪುಟ. ಅದರಲ್ಲಿ ವಾಟರ್‌ಫಾಲ್ ಅನ್ನುವ ಪದವೇ ಇಲ್ಲ! ಆ ಹೆಸರು ಬಳಕೆಗೆ ಬಂದಿದ್ದು ಆಮೇಲೆ, 1976ರಲ್ಲಿ ಬೆಲ್ ಮತ್ತು ಥೇಯರ್ ಅನ್ನುವ ಇಬ್ಬರು ಬರೆದ ಲೇಖನದಿಂದ.

ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆ ಪ್ರಸಿದ್ಧ ಚಿತ್ರ ಮೊದಲ ಪುಟಗಳಲ್ಲೇ ಇದೆ. ಅದರ ಕೆಳಗೇ ಇದನ್ನು ಹೀಗೇ ಮಾಡಿದರೆ ಅಪಾಯ, ಸೋಲನ್ನು ಕರೆದ ಹಾಗೆ ಅಂತ ರಾಯ್ಸ್ ಬರೆದಿದ್ದಾರೆ. ಟೆಸ್ಟಿಂಗ್ ಕೊನೆಯಲ್ಲಿ ಬರುತ್ತದೆ, ಅಲ್ಲಿ ತಪ್ಪು ಸಿಕ್ಕರೆ ಡಿಸೈನ್‌ಗೇ ವಾಪಸ್ ಹೋಗಬೇಕಾಗುತ್ತದೆ ಅನ್ನುವುದು ಅವರ ಕಾರಣ. ಉಳಿದ ಪುಟಗಳೆಲ್ಲ ಅದನ್ನು ಸರಿ ಮಾಡುವುದು ಹೇಗೆ ಅಂತ. ಅವರ ಐದು ಸಲಹೆಗಳಲ್ಲಿ ಒಂದು: ಎರಡು ಸಲ ಮಾಡಿ. ಮೂವತ್ತು ತಿಂಗಳ ಕೆಲಸವಾದರೆ ಮೊದಲು ಹತ್ತು ತಿಂಗಳಲ್ಲಿ ಒಂದು ಚಿಕ್ಕ ಮಾದರಿ ಮಾಡಿ ನೋಡಿ. ಇನ್ನೊಂದು: ಗಿರಾಕಿಯನ್ನು ಮೊದಲಿಂದಲೇ, ಮತ್ತೆ ಮತ್ತೆ ಕೂರಿಸಿಕೊಳ್ಳಿ. ಅಂದರೆ ನಮ್ಮ ಮೇಸ್ತ್ರಿಯ ಸುಣ್ಣದ ಗೆರೆ. ಜಗತ್ತು ಚಿತ್ರ ಮಾತ್ರ ಇಟ್ಟುಕೊಂಡು ಲೇಖನವನ್ನು ಬಿಟ್ಟುಬಿಟ್ಟಿತು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತಂದ 2167 ಅನ್ನುವ ಮಾನದಂಡದಿಂದ ಈ ಹಂತ ಹಂತದ ಪದ್ಧತಿ ಇನ್ನಷ್ಟು ಗಟ್ಟಿಯಾಯಿತು. ಅಲ್ಲಿಂದ ಟೆಂಡರು, ಒಪ್ಪಂದ, ನಮ್ಮ ಗೋಡೆಯ ಚಾರ್ಟ್‌ವರೆಗೆ.

2014ರಲ್ಲಿ ಎರಡನೇ ಅವಕಾಶ ಬಂತು. ಈ ಸಲ ಬರೀ ಸಾಫ್ಟ್‌ವೇರ್ ಅಲ್ಲ, ಒಂದು ಪೆಟ್ಟಿಗೆ. ಕಂಪ್ಯೂಟರ್ ಬೇಡ. ಕೀ, ಪರದೆ, ಪ್ರಿಂಟರ್, ಬ್ಯಾಟರಿ ಎಲ್ಲಾ ಒಂದರಲ್ಲೇ ಇರಬೇಕು, ತಕ್ಕಡಿ ಮತ್ತು ಅನಲೈಸರ್‌ಗೆ ವೈರ್ ಹಾಕಿದರೆ ಸಾಕು. ಪೆಟ್ಟಿಗೆ ಅಂದರೆ ಪ್ಲಾಸ್ಟಿಕ್ ಅಚ್ಚು ಬೇಕು, ಅಚ್ಚು ಅಂದರೆ ಉಕ್ಕು ಕೊರೆಯಬೇಕು. ತಕ್ಕಡಿಯನ್ನು ನಾವೇ ಮಾಡೋಣ ಅಂತ ಒಬ್ಬರು ಹೇಳಿದರು. ನಾನು ಬೇಡ ಅಂದೆ. 2009ರ ಕಾನೂನು ಮಾಪನ ಕಾಯ್ದೆ ಪ್ರಕಾರ ತೂಕದ ಯಂತ್ರದ ಮಾದರಿಗೆ ಒಪ್ಪಿಗೆ ಪಡೆಯಬೇಕು, ಮುದ್ರೆ ಹಾಕಿಸಬೇಕು. ಆಗಲೇ ಒಪ್ಪಿಗೆ ಇರುವ ತಕ್ಕಡಿ ಕೊಂಡುಕೊಂಡು ಅದರ ಒಳಗೆ ಕೈ ಹಾಕದೇ ಇರುವುದು ಒಳ್ಳೆಯದು. ಆ ಒಂದು ತೀರ್ಮಾನ ನಮಗೆ ಎಷ್ಟೋ ತಿಂಗಳು ಉಳಿಸಿತು.

ಆಫೀಸಿನ ಹುಡುಗರು ಈ ಸಲ ಅಜೈಲ್ ಮಾಡೋಣ ಅಂದರು. ಅಂದರೆ ಸ್ವಲ್ಪ ಸ್ವಲ್ಪವೇ ಮಾಡಿ, ತೋರಿಸಿ, ತಿದ್ದುತ್ತಾ ಹೋಗುವುದು; ಎರಡೆರಡು ವಾರದ ಒಂದೊಂದು ಸುತ್ತು, ಅದಕ್ಕೆ ಸ್ಪ್ರಿಂಟ್ ಅಂತ ಹೆಸರು. ನಾನು ಕೇಳಿದೆ, ಎರಡು ವಾರಕ್ಕೊಂದು ಅಚ್ಚು ಕೊರೆಯೋಣವಾ? ಯಾರೂ ಮಾತಾಡಲಿಲ್ಲ. ಆದರೆ ಪರದೆಯಲ್ಲಿ ಯಾವ ಪದ ಬರಬೇಕು ಅನ್ನುವುದನ್ನು ಆರು ತಿಂಗಳು ಮೊದಲೇ ನಿಗದಿ ಮಾಡುವುದೂ ಮೂರ್ಖತನವೇ ಅಂತ ಅವರು ಹೇಳಿದ್ದು ಸರಿಯಾಗಿತ್ತು.

ಹಾಗಾಗಿ ವೈಟ್‌ಬೋರ್ಡ್ ಮೇಲೆ ಮೂರು ಕಂಬ ಎಳೆದೆ: ಕಾಂಕ್ರೀಟು, ಇಟ್ಟಿಗೆ, ಸುಣ್ಣ. ಪ್ರಾಜೆಕ್ಟ್‌ನ ಪ್ರತಿಯೊಂದು ತೀರ್ಮಾನವನ್ನೂ ಯಾವುದಾದರೂ ಒಂದರ ಕೆಳಗೆ ಬರೆಯಬೇಕು. ಅಚ್ಚಿನ ಆಕಾರ, ಬೋರ್ಡಿನ ಸ್ಕ್ರೂ ತೂತುಗಳ ಜಾಗ, ಕೀಗಳ ಜಾಗ ಕಾಂಕ್ರೀಟು. ಹಾಲಿನ ದಾಖಲೆ ಒಳಗೆ ಯಾವ ರೂಪದಲ್ಲಿ ಉಳಿಯಬೇಕು ಅನ್ನುವುದನ್ನೂ ಅಲ್ಲೇ ಬರೆದೆ. ಹುಡುಗರಿಗೆ ಆಶ್ಚರ್ಯ. ಅದು ಸಾಫ್ಟ್‌ವೇರ್ ತಾನೇ, ಬದಲಾಯಿಸಬಹುದಲ್ಲ ಅಂತ. ನೂರಾರು ಡೇರಿಗಳಲ್ಲಿ ವರ್ಷದ ಲೆಕ್ಕ ಕೂತ ಮೇಲೆ ಬದಲಾಯಿಸಿ ನೋಡೋಣ ಅಂದೆ. ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಬೋರ್ಡ್, ಅದರ ಮೇಲಿನ ಗೆರೆಗಳು ಇಟ್ಟಿಗೆ: ಹಣ ಕೊಟ್ಟರೆ, ಮೂರು ವಾರ ಕಾದರೆ ಹೊಸದು ಬರುತ್ತದೆ. ಚೀಟಿಯ ವಿನ್ಯಾಸ, ಪರದೆಯ ಪದಗಳು, ರಿಪೋರ್ಟುಗಳು ಎಲ್ಲಾ ಸುಣ್ಣ.

ಕಾಂಕ್ರೀಟಿಗೆ ಕಟ್ಟುನಿಟ್ಟಾದ ವಾಟರ್‌ಫಾಲ್. ಸುಣ್ಣಕ್ಕೆ ಹುಡುಗರು ಹೇಳಿದ ಹಾಗೆ, ವಾರಕ್ಕೊಂದು ಸಲ ಬದಲಾಯಿಸಿಕೊಳ್ಳಿ. ಇಟ್ಟಿಗೆಯ ಬಗ್ಗೆ ಪ್ರತಿಸಲ ಜಗಳ ಆಗುತ್ತಿತ್ತು. ಆಗಲಿ ಬಿಡಿ, ಜಗಳ ಆಗಬೇಕಾದ ಜಾಗ ಅದೇ.

ಮೊದಲ ಹಂತಕ್ಕೆ ನಾನು ಯಾರನ್ನೂ ಕಾನ್ಫರೆನ್ಸ್ ರೂಮಿಗೆ ಕರೆಯಲಿಲ್ಲ. ಮೂರು ವಾರ, ಐದು ಡೇರಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ಹೋಗಿ ನಿಂತೆವು. ಮೊದಲ ಎರಡು ದಿನ ಸುಮ್ನೆ ನಿಲ್ಲುವುದು, ಪ್ರಶ್ನೆ ಕೇಳುವ ಹಾಗಿಲ್ಲ ಅಂತ ನಿಯಮ ಮಾಡಿದ್ದೆ. ಎಂಜಿನಿಯರ್‌ಗಳಿಗೆ ಅದು ಬಹಳ ಕಷ್ಟ.

ಏನೇನು ಸಿಕ್ಕಿತು ಅಂತೀರಿ! ನಮ್ಮ ಹಳೇ ಪುಸ್ತಕದಲ್ಲಿ ಎಲ್ಲಾ ಕಡೆ ಹಾಲಿನ 'ಪ್ರಮಾಣ' ಅಂತ ಬರೆದಿದ್ದೆವು. ಲೀಟರೋ ಕೆಜಿಯೋ? ಹಾಲು ನೀರಿಗಿಂತ ಭಾರ, ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ನಾವು ನೋಡಿದ ಡೇರಿಗಳಲ್ಲಿ ರೈತರಿಂದ ತೆಗೆದುಕೊಳ್ಳುವುದು ಲೀಟರ್ ಲೆಕ್ಕ, ಗಾಡಿಗೆ ಕೊಡುವುದು ಕೆಜಿ ಲೆಕ್ಕ. ಹತ್ತು ಲೀಟರಿಗೆ ಹೆಚ್ಚುಕಮ್ಮಿ ಮುನ್ನೂರು ಗ್ರಾಂ ವ್ಯತ್ಯಾಸ. ಇಡೀ ಹಳ್ಳಿಯ ಹಾಲಿಗೆ ಲೆಕ್ಕ ಹಾಕಿದರೆ ಸೆಕ್ರೆಟರಿಯ ಕೆಲಸ ಹೋಗುವಷ್ಟು.

ಚೀಟಿಯ ಕಥೆ ಇನ್ನೂ ಚೆನ್ನಾಗಿದೆ. ಥರ್ಮಲ್ ಪ್ರಿಂಟರ್ ಹಾಕುವುದು ಅಂತ ತೀರ್ಮಾನ ಆಗಿತ್ತು. ಸದ್ದಿಲ್ಲ, ರಿಬ್ಬನ್ ಬೇಡ, ಅಗ್ಗ. ಒಂದು ಮನೆಗೆ ಕಾಫಿ ಕುಡಿಯಲು ಹೋಗಿದ್ದೆವು. ಬಟವಾಡೆ ಆಗುವವರೆಗೆ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಎಲ್ಲಿ? ಅಡುಗೆಮನೆಯಲ್ಲಿ, ಒಲೆ ಮೇಲಿನ ಗೋಡೆಯ ಮೊಳೆಗೆ ಚುಚ್ಚಿ. ಥರ್ಮಲ್ ಕಾಗದ ಬಿಸಿಗೆ ಕಪ್ಪಾಗುತ್ತದೆ. ಆ ಕಾಗದ ಕೆಲಸ ಮಾಡುವುದೇ ಬಿಸಿಯಿಂದ ತಾನೇ. ನಮ್ಮ ಹುಡುಗ ಜೇಬಿನಲ್ಲಿದ್ದ ಪೆಟ್ರೋಲ್ ಬಂಕಿನ ಬಿಲ್ಲನ್ನು ಅದೇ ಮೊಳೆಗೆ ಚುಚ್ಚಿ ಬಂದ. ಒಂದು ವಾರ ಬಿಟ್ಟು ಹೋದಾಗ ಅದರಲ್ಲಿ ಒಂದಕ್ಷರ ಓದಲು ಆಗುತ್ತಿರಲಿಲ್ಲ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಂತು. ಅದು ದೊಡ್ಡದು, ಹಾಗಾಗಿ ಪೆಟ್ಟಿಗೆಯೂ ದೊಡ್ಡದಾಯಿತು. ಅಚ್ಚು ಕೊರೆದ ಮೇಲೆ ಇದು ಗೊತ್ತಾಗಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ, ಬೇರೆ ಕೆಲಸ ಹುಡುಕುತ್ತಿದ್ದೆ.

ಇನ್ನೊಂದು. ಟೆಸ್ಟರ್ ಬಲಗೈಯಲ್ಲಿ ಯಾವಾಗಲೂ ಸ್ಯಾಂಪಲ್ ತೆಗೆಯುವ ಉದ್ದ ಹಿಡಿಕೆಯ ಲೋಟ ಇರುತ್ತದೆ. ಕೀ ಒತ್ತುವುದು ಎಡಗೈಯಲ್ಲಿ. ಅದೂ ಒದ್ದೆ ಕೈ. ನಾವು ನೋಡಿದ ಯಾವ ಯಂತ್ರದಲ್ಲೂ ಕೀಗಳು ಎಡಗಡೆ ಇರಲಿಲ್ಲ.

ಸುಣ್ಣದ ಗೆರೆಯ ಹಂತಕ್ಕೆ ಒಂದು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಒಳಗೆ ಮಾರ್ಕೆಟ್‌ನಲ್ಲಿ ಸಿಗುವ ರೆಡಿಮೇಡ್ ಬೋರ್ಡು, ಹೊರಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಿಂದ ತಂದ ಕೀಪ್ಯಾಡು. ನೋಡಲು ಹಳೇ ರೇಡಿಯೋ ಹಾಗಿತ್ತು. ಬಾಸ್‌ಗೆ ಸಿಟ್ಟು: "ಬಿಸಾಡೋ ಸಾಮಾನಿಗೆ ಎರಡು ತಿಂಗಳಾ?" ರಾಯ್ಸ್ ಅವರ ಮೂವತ್ತು ತಿಂಗಳಿಗೆ ಹತ್ತು ತಿಂಗಳ ಲೆಕ್ಕ ಹೇಳಿ ನೋಡಿದೆ. ಉಪಯೋಗ ಆಗಲಿಲ್ಲ. 2012ರ ಆ ಬೆಳಿಗ್ಗೆಯನ್ನು ನೆನಪಿಸಿದೆ. ಸುಮ್ಮನಾದರು.

ಅದೇ ಹಳ್ಳಿಗೆ, ಅದೇ ಡೇರಿಗೆ ಆ ಪೆಟ್ಟಿಗೆ ತೆಗೆದುಕೊಂಡು ಹೋದೆವು. ಬಾಗಿಲಲ್ಲೇ ಸೆಕ್ರೆಟರಿ, "ಮತ್ತೆ ಬಂದ್ರಾ ಮೇಡಂ?" ಅಂದರು. ಸ್ವಾಗತವೋ ಭಯವೋ ಗೊತ್ತಾಗಲಿಲ್ಲ. ಇಪ್ಪತ್ತು ದಿನ ಅವರ ರಿಜಿಸ್ಟರ್ ಪಕ್ಕದಲ್ಲೇ ನಮ್ಮ ಪೆಟ್ಟಿಗೆಯೂ ಓಡಿತು. ದಿನಾ ರಾತ್ರಿ ಏನಾದರೂ ಒಂದು ಬದಲಾವಣೆ. ಯಾರಿಗೂ ಬೇಜಾರಿಲ್ಲ, ಯಾಕೆಂದರೆ ಅದು ಪ್ಲೈವುಡ್ಡು.

ಅದು ಮುಗಿದ ಮೇಲೆಯೇ ರಿಕ್ವೈರ್ಮೆಂಟ್ ಬರೆದದ್ದು. ಕನ್ನಡದಲ್ಲಿ, 46 ಸಾಲು. ಪ್ರತಿ ಸಾಲಿಗೂ ಒಂದು ನಂಬರ್. ಪ್ರತಿ ಸಾಲಿನ ಎದುರು ಅದನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ಅವತ್ತೇ ಬರೆಯಬೇಕು. ಬರೆಯಲು ಆಗದಿದ್ದರೆ ಆ ಸಾಲು ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ. 12ನೇ ಸಾಲು ಹೀಗಿತ್ತು: "ಹಿಂದಿನವರ ಫ್ಯಾಟ್ ಬರುವ ಮೊದಲೇ ಮುಂದಿನವರ ತೂಕ ತೆಗೆದುಕೊಳ್ಳಬೇಕು. ಆರು ಜನರ ಫ್ಯಾಟ್ ಬಾಕಿ ಇದ್ದರೂ ನಡೆಯಬೇಕು." ಪರೀಕ್ಷೆ: ಇಬ್ಬರು ಜನ, ಮೂವತ್ತು ಕ್ಯಾನು ನೀರು, ಒಂದು ಸ್ಟಾಪ್‌ವಾಚ್. 'ಬಳಸಲು ಸುಲಭವಾಗಿರಬೇಕು' ಅನ್ನುವ ಸಾಲು ಈ ನಿಯಮದಿಂದ ಬಿದ್ದುಹೋಯಿತು. ಅದರ ಬದಲು, ಹೊಸಬರಿಗೆ ಅರ್ಧ ಗಂಟೆ ಹೇಳಿಕೊಟ್ಟರೆ ಮರುದಿನ ಅವರೇ ಸಾಲು ಮುಗಿಸಬೇಕು ಅಂತ ಬಂತು.

ಸಹಿ ಹಾಕಿಸುವ ಮೊದಲು ಐದೂ ಡೇರಿಗಳ ಜಗಲಿಯಲ್ಲಿ ಕೂತು 46 ಸಾಲನ್ನೂ ಗಟ್ಟಿಯಾಗಿ ಓದಿದೆ. ಕೇಳುವಾಗ ಜನ ಸುಮ್ಮನಿರುವುದಿಲ್ಲ. ಕಾಗದ ಕೊಟ್ಟರೆ ತಲೆ ಆಡಿಸುತ್ತಾರೆ, ಓದಿ ಹೇಳಿದರೆ ಜಗಳ ತೆಗೆಯುತ್ತಾರೆ. ಒಂದೇ ನಂಬರಿಗೆ ಅತ್ತೆ ಒಂದು ಡಬ್ಬ, ಸೊಸೆ ಒಂದು ಡಬ್ಬ ತರುತ್ತಾರೆ, ಎರಡನ್ನೂ ಸೇರಿಸಬೇಕಾ ಬೇರೆ ಬರೆಯಬೇಕಾ ಅನ್ನುವುದಕ್ಕೆ ಅರ್ಧ ಗಂಟೆ ಚರ್ಚೆ ಆಯಿತು. ಪಶು ಆಹಾರದ ಮೂಟೆಯ ಹಣ ಬಟವಾಡೆಯಲ್ಲಿ ಮುರಿದುಕೊಳ್ಳುವ ವಿಷಯ ನಮ್ಮ ಪಟ್ಟಿಯಲ್ಲಿ ಇರಲೇ ಇಲ್ಲ. ಅಲ್ಲೇ ಕೂತು 47ನೇ ಸಾಲು ಬರೆದೆವು. ಒಪ್ಪಂದದಲ್ಲೂ ಒಂದು ಬದಲಾವಣೆ ಮಾಡಿಸಿದ್ದೆ: ಮೊದಲ ಹಂತದ ಹಣ ಸಹಿಗೆ ಅಲ್ಲ, ಪ್ಲೈವುಡ್ ಪೆಟ್ಟಿಗೆ ಇಪ್ಪತ್ತು ದಿನ ಓಡಿದ್ದಕ್ಕೆ.

ಇಷ್ಟೆಲ್ಲ ಆದ ಮೇಲೆ ಬದಲಾವಣೆಗಳಿಗೆ ಬಾಗಿಲು ಮುಚ್ಚಿದೆ. ನಮ್ಮಲ್ಲಿ ಸಾಗರದ ಕಡೆಯ ಒಬ್ಬ ಹುಡುಗ ಇದ್ದ. ವಾಟರ್‌ಫಾಲ್ ಅಂದಾಗೆಲ್ಲ ಅವನಿಗೆ ಜೋಗ ನೆನಪಾಗುತ್ತಿತ್ತು. ಅವನೇ ಹೇಳಿದ್ದು, "ಜೋಗಕ್ಕೂ ಮೇಲೆ ಲಿಂಗನಮಕ್ಕಿ ಗೇಟ್ ಇದೆ ಮೇಡಂ." ಅವತ್ತಿಂದ ನಮ್ಮ ಆಫೀಸಿನಲ್ಲಿ ಹಂತದ ಕೊನೆಯ ಪರಿಶೀಲನೆಗೆ ಲಿಂಗನಮಕ್ಕಿ ಅಂತಲೇ ಹೆಸರು. "ನಾಳೆ ಲಿಂಗನಮಕ್ಕಿ ಇದೆ, ರಾತ್ರಿ ಉಳ್ಕೋಬೇಕು" ಅಂತ ಹೆಂಡತಿಗೆ ಫೋನ್ ಮಾಡಿದ ಒಬ್ಬನಿಗೆ, ಯಾರ ಜೊತೆ ಟೂರ್ ಹೊರಟಿದ್ದೀರಿ ಅನ್ನುವ ಪ್ರಶ್ನೆ ಬಂತಂತೆ.

ಗೇಟಿನಲ್ಲಿ ಒಂದೇ ನಿಯಮ: ಸೊನ್ನೆ ಅಥವಾ ನೂರು. ಮೊದಲ ಪ್ರಾಜೆಕ್ಟ್‌ನಲ್ಲಿ ಕೋಡಿಂಗ್ 'ತೊಂಬತ್ತು ಪರ್ಸೆಂಟ್ ಆಗಿದೆ' ಅಂತ ಆರು ವಾರ ಕೇಳಿದ್ದೆ. ಈಗ ಓಡಿಸಿ ತೋರಿಸಿದರೆ ನೂರು, ಇಲ್ಲದಿದ್ದರೆ ಸೊನ್ನೆ.

ಬದಲಾವಣೆಗೆ ಒಂದು ಉದ್ದನೆಯ ಲೆಕ್ಕದ ಪುಸ್ತಕ ತಂದಿಟ್ಟೆ, ಕೆಂಪು ರಟ್ಟಿನದ್ದು. ಎಕ್ಸೆಲ್ ಫೈಲನ್ನು ಯಾರೂ ತೆಗೆದು ನೋಡುವುದಿಲ್ಲ. ಪುಸ್ತಕ ಮೇಜಿನ ಮೇಲೆ ಕಣ್ಣಿಗೆ ಬೀಳುತ್ತಿರುತ್ತದೆ. ಯಾರಿಗೆ ಏನು ಬದಲಾಗಬೇಕು, ಯಾಕೆ, ಅದರಿಂದ ಇನ್ನೇನು ಅಲುಗಾಡುತ್ತದೆ, ಎಷ್ಟು ದಿನ, ಎಷ್ಟು ಹಣ, ಏನು ತೀರ್ಮಾನ. ಕೈಯಲ್ಲೇ ಬರೆಯಬೇಕು. ಅರ್ಧದಷ್ಟು ಬದಲಾವಣೆಗಳು ಬರೆಯುವ ಸೋಮಾರಿತನಕ್ಕೇ ಸತ್ತವು. ಪೆಟ್ಟಿಗೆಯ ಮೇಲೆ ಕಂಪನಿ ಹೆಸರು ಮಿನುಗಬೇಕು ಅಂತ ಬಾಸ್‌ಗೆ ಆಸೆ. ಬರೆಯಿರಿ ಅಂತ ಪುಸ್ತಕ ಮುಂದಿಟ್ಟೆ. ಪೆನ್ ಹಿಡಿದು 'ಯಾಕೆ' ಅನ್ನುವ ಕಂಬಕ್ಕೆ ಬಂದು, ಸ್ವಲ್ಪ ಹೊತ್ತು ಯೋಚನೆ ಮಾಡಿ, ಎದ್ದು ಹೋದರು.

ಆದರೂ ತಪ್ಪಾಯಿತು. ಅದನ್ನು ಹೇಳದಿದ್ದರೆ ಈ ಕಥೆ ಸುಳ್ಳಾಗುತ್ತದೆ.

ಅಚ್ಚು ಕೊರೆಯಲು ಕೊಟ್ಟಿದ್ದು ಪೀಣ್ಯದ್ದೇ ಒಂದು ಟೂಲ್ ರೂಮಿಗೆ. ಅಲ್ಲಿನ ಹಿರಿಯರು ಮೊದಲ ದಿನವೇ ಒಂದು ಪಾಠ ಹೇಳಿದ್ದರು: "ಅಚ್ಚಿನಲ್ಲಿ ಉಕ್ಕು ತೆಗೆಯೋದು ಸುಲಭ ಮೇಡಂ, ಸೇರಿಸೋದು ಕಷ್ಟ. ಅನುಮಾನ ಇದ್ದ ಕಡೆ ಉಕ್ಕು ಜಾಸ್ತಿ ಬಿಡಿಸಿ." ಅಚ್ಚಿನಲ್ಲಿ ಉಕ್ಕು ಇರುವ ಕಡೆ ಪ್ಲಾಸ್ಟಿಕ್ ಬರುವುದಿಲ್ಲ. ಅಂದರೆ ಪೆಟ್ಟಿಗೆಯ ಗೋಡೆಯನ್ನು ಆಮೇಲೆ ದಪ್ಪ ಮಾಡಬಹುದು, ಉಕ್ಕನ್ನು ಇನ್ನಷ್ಟು ಕೊರೆದರೆ ಆಯಿತು. ಒಳಗಿನ ಜಾಗ ದೊಡ್ಡದು ಮಾಡಬೇಕು ಅಂದರೆ ಉಕ್ಕು ಸೇರಿಸಬೇಕು, ವೆಲ್ಡ್ ಮಾಡಿ ಮತ್ತೆ ಕೊರೆಯಬೇಕು.

ಮೊದಲ ಪ್ಲಾಸ್ಟಿಕ್ ಪೆಟ್ಟಿಗೆ ಅಚ್ಚಿನಿಂದ ಬಿಸಿಬಿಸಿಯಾಗಿ ಬಂತು. ತಣ್ಣಗಾದ ಮೇಲೆ ಬೋರ್ಡ್ ಇಟ್ಟೆವು, ಕೂತಿತು. ಪ್ರಿಂಟರ್ ಕೂತಿತು. ಬ್ಯಾಟರಿ ಇಟ್ಟು ಮುಚ್ಚಳ ಹಾಕಿದರೆ ಎರಡು ಮಿಲಿಮೀಟರ್ ಎದ್ದು ನಿಂತಿತು. ಖರೀದಿ ವಿಭಾಗದವರು ನಡುವೆ ಬ್ಯಾಟರಿಯ ಕಂಪನಿ ಬದಲಾಯಿಸಿದ್ದರು. ಸೈಜ್ ಒಂದೇ, ರೇಟು ಕಮ್ಮಿ ಅಂತ. ಸೈಜ್ ಒಂದೇ ನಿಜ, ಆದರೆ ವೈರು ಸೇರುವ ತುದಿ ಮೇಲಕ್ಕೆ ಎರಡು ಮಿಲಿಮೀಟರ್ ಜಾಸ್ತಿ. ಕೆಂಪು ಪುಸ್ತಕದಲ್ಲಿ ಆ ಸಾಲು ಇರಲಿಲ್ಲ. ಖರೀದಿಯವರಿಗೆ ಪುಸ್ತಕದ ವಿಷಯ ನಾನು ಹೇಳಿಯೇ ಇರಲಿಲ್ಲ. ಅವರು ಕೂರುವುದು ಬೇರೆ ಮಹಡಿಯಲ್ಲಿ. ತಪ್ಪು ನನ್ನದೇ.

ಅಚ್ಚು ಸರಿ ಮಾಡಲು ಮೂರು ವಾರ ಹೋಯಿತು. ಹಳೇ ಬ್ಯಾಟರಿಗೇ ವಾಪಸ್ ಹೋಗೋಣ ಅಂದರೆ ಅಷ್ಟರಲ್ಲಿ ಐನೂರು ಹೊಸ ಬ್ಯಾಟರಿ ಗೋಡೌನಿಗೆ ಬಂದಿದ್ದವು. ಗ್ಯಾಂಟ್ ಚಾರ್ಟ್‌ನಲ್ಲಿ ಕೊನೆಗೆ ಅಂತ ನಾನು ನಾಲ್ಕು ವಾರ ಕಾದಿಟ್ಟಿದ್ದೆ, ಯಾರಿಗೂ ಹೇಳದೆ. ಅದರಲ್ಲಿ ಮೂರು ಅಲ್ಲೇ ಕರಗಿತು. ತಡವಾದರೆ ವಾರಕ್ಕಿಷ್ಟು ಅಂತ ದಂಡ ಇತ್ತು, ಅದು ಬೀಳಲಿಲ್ಲ.

ಟೆಸ್ಟಿಂಗ್ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. 47 ಸಾಲು, 47 ಪರೀಕ್ಷೆ, ನಾಲ್ಕು ದಿನ. ಮೊದಲ ಪ್ರಾಜೆಕ್ಟ್‌ನಲ್ಲಿ ಎರಡು ತಿಂಗಳು ಮಾಡಿಯೂ ಸಿಗದ ತಪ್ಪುಗಳು ಇಲ್ಲಿ ಪ್ಲೈವುಡ್‌ನಲ್ಲೇ ಸತ್ತಿದ್ದವು. ಮೂವತ್ತು ಕ್ಯಾನು ನೀರಿನ ಪರೀಕ್ಷೆ ಆಫೀಸಿನ ಟೆರೇಸ್ ಮೇಲೆ ಆಯಿತು. ಸ್ಟಾಪ್‌ವಾಚ್ ಹಿಡಿದಿದ್ದು ಬಾಸ್.

ಆಮೇಲಿನ ವರ್ಷಗಳಲ್ಲಿ ನಾನು ಮೊಬೈಲ್ ಆಪ್ ಕೆಲಸಗಳನ್ನೂ ಮಾಡಿದ್ದೇನೆ. ಅಲ್ಲಿ ವಾಟರ್‌ಫಾಲ್ ಮಾಡಲಿಲ್ಲ, ಮಾಡುವ ಕಾರಣವೂ ಇರಲಿಲ್ಲ. ಅಲ್ಲಿ ಮುಕ್ಕಾಲು ಪಾಲು ಸುಣ್ಣವೇ. ಆದರೆ ಯಾರಾದರೂ ವಾಟರ್‌ಫಾಲ್ ಸತ್ತುಹೋಯಿತು ಅಂದರೆ, ನಿಮ್ಮ ಕೆಲಸದಲ್ಲಿ ಕಾಂಕ್ರೀಟ್ ಯಾವುದು ಅಂತ ಕೇಳುತ್ತೇನೆ. ಯಾವುದೂ ಇಲ್ಲ ಅಂದರೆ ಅವರ ಅದೃಷ್ಟ. ಹಾಗೆ ಹೇಳಿದ ಒಬ್ಬರು ಆಮೇಲೆ ಹಳೇ ಡೇಟಾಬೇಸ್‌ನಿಂದ ಹೊಸದಕ್ಕೆ ಲೆಕ್ಕ ಸಾಗಿಸುವಾಗ ಎರಡು ರಾತ್ರಿ ನಿದ್ದೆ ಬಿಟ್ಟು ನನಗೆ ಫೋನ್ ಮಾಡಿದ್ದರು.

ಒಂದು ವಿಷಯ ಉಳಿಯಿತು. ಜಗಲಿ ಮೇಲೆ 46 ಸಾಲು ಓದಿದ ದಿನ, ಮಿಷಿನ್ನು ನಿದ್ದೆ ಮಾಡ್ತಾ ಅದಾ ಅಂತ ಕೇಳಿದ್ದ ಅಜ್ಜಿಯೂ ಕಂಬಕ್ಕೆ ಒರಗಿ ಕೂತಿತ್ತು. ಎಲ್ಲಾ ಕೇಳಿಸಿಕೊಂಡು ಕೊನೆಗೆ, "ಚೀಟಿ ಕೊಡ್ತೀರಿ, ಸರಿ. ನಂಗೆ ಓದಕ್ಕೆ ಬರಲ್ವಲ್ಲ. ಎಷ್ಟಾಯ್ತು ಅಂತ ಬಾಯಲ್ಲಿ ಹೇಳ್ತದಾ ಇದು?" ಅಂತು. ಕೆಂಪು ಪುಸ್ತಕದ 17ನೇ ನಂಬರ್ ಅದು. ದನಿ ಸೇರಿಸುವಷ್ಟು ಹಣವೂ ಸಮಯವೂ ಆಗ ಇರಲಿಲ್ಲ. 'ಈಗ ಬೇಡ' ಅಂತ ಬರೆದೆವು. ಆದರೆ ಸ್ಪೀಕರಿನ ತೂತುಗಳು ಕಾಂಕ್ರೀಟು. ಮುಂದೆ ಬೇಕು ಅಂದರೆ ಅಚ್ಚಿಗೆ ಉಕ್ಕು ಸೇರಿಸಬೇಕಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಮುಂದೆ ಸಣ್ಣ ತೂತುಗಳ ಸಾಲು ಬಿಡಿಸಿದೆವು, ಬೋರ್ಡ್ ಮೇಲೆ ಸ್ಪೀಕರಿಗೆ ಖಾಲಿ ಜಾಗ. ಎರಡು ವರ್ಷ ಆ ತೂತುಗಳು ಏನಕ್ಕೆ ಅಂತ ಎಲ್ಲರೂ ಕೇಳುತ್ತಿದ್ದರು.

2017ರಲ್ಲಿ ದನಿ ಬಂತು. ಮೊದಲು ಅದೇ ಡೇರಿಯಲ್ಲಿ ಹಾಕಿದೆವು. ಅಜ್ಜಿಯ ಸರದಿ ಬಂತು. ಹಾಲು ಸುರಿಯಿತು. ಪೆಟ್ಟಿಗೆ ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿತು: "ಎರಡು ಲೀಟರ್ ನಾನೂರು. ಫ್ಯಾಟ್ ಮೂರು ಪಾಯಿಂಟ್ ಎರಡು." ಸಾಲಿನಲ್ಲಿ ಇದ್ದವರೆಲ್ಲ ತಿರುಗಿ ನೋಡಿದರು. ಹಿಂದೆ ಯಾರೋ, "ಏನಜ್ಜಿ, ನೀರು ಜಾಸ್ತಿ ಆಯ್ತಾ?" ಅಂದರು.

ಅಜ್ಜಿ ನನ್ನ ಕಡೆ ತಿರುಗಿ, "ಏನವ್ವಾ ಇದು, ನಂಗೆ ಹೇಳು ಅಂದ್ರೆ ಊರಿಗೆಲ್ಲ ಸಾರ್ತದೆ?" ಅಂತು.

ದನಿ ಕಡಿಮೆ ಮಾಡುವ ಗುಂಡಿ ನಾವು ಇಟ್ಟಿರಲಿಲ್ಲ. ವಾಪಸ್ ಬಂದು ಕೆಂಪು ಪುಸ್ತಕದಲ್ಲಿ ಹೊಸ ಸಾಲು ಬರೆದೆ. 'ಯಾಕೆ' ಅನ್ನುವ ಕಂಬದಲ್ಲಿ 'ಅಜ್ಜಿ' ಅಂತಷ್ಟೇ ಹಾಕಿದೆ. ಯಾರೂ ಪ್ರಶ್ನೆ ಕೇಳಲಿಲ್ಲ.